ಕೋಳಿಮರಿ ಕುಂಟುತ್ತಿದೆಯಾ? ಕಟ್ಟು ಹಾಕುವ ಮೊದಲು ಕಾಲು ನೋಡಿ

ಕೋಳಿಮರಿ ಕುಂಟುವುದು ಕಂಡರೆ ಮನೆಗಳಲ್ಲಿ ಸಾಮಾನ್ಯವಾಗಿ ಎರಡರಲ್ಲೊಂದು ನಡೆಯುತ್ತದೆ. ಅರಿಶಿನ ಮೆತ್ತಿ ಬಟ್ಟೆ ಚೂರು ಬಿಗಿಯಾಗಿ ಸುತ್ತುತ್ತಾರೆ. ಇಲ್ಲವಾದರೆ ‘ಕಾಲು ಹೋದ ಮರಿ ಉಳಿಯಲ್ಲ ಬಿಡಿ’ ಅಂತ ಕೈಬಿಡುತ್ತಾರೆ. ಎರಡರಲ್ಲೂ ಯಾರೂ ಆ ಕಾಲನ್ನು ಸರಿಯಾಗಿ ನೋಡಿರುವುದಿಲ್ಲ. ಜಾರುವ ನೆಲ, ಬೆರಳಿಗೆ ಸುತ್ತಿಕೊಂಡ ದಾರ, ದನದ ತುಳಿತ, ಮೇವಿನ ಕೊರತೆ, ವೈರಸ್ – ಇವೆಲ್ಲ ಮರಿಯನ್ನು ಒಂದೇ ರೀತಿ ಕುಂಟಿಸುತ್ತವೆ. ಆದರೆ ಒಂದಕ್ಕೆ ಮದ್ದಾಗುವುದು ಇನ್ನೊಂದಕ್ಕೆ ಹಾನಿ ಮಾಡುತ್ತದೆ. ಅದಕ್ಕೇ ಕಟ್ಟು ಹಾಕುವ ಮೊದಲು ಹತ್ತು ನಿಮಿಷ ಕೂತು ನೋಡಿ ಅನ್ನುತ್ತೇನೆ.

ಹಾಗಂತ ದಿನಗಟ್ಟಲೆ ನೋಡುತ್ತಾ ಕೂರುವಂತಿಲ್ಲ. ಹುಟ್ಟಿದ ಮೊದಲ ವಾರ ಮರಿಯ ಮೂಳೆ, ಕೀಲು ಎಲ್ಲ ಮೆತ್ತಗಿರುತ್ತವೆ. ಎರಡು ದಿನದ ಮರಿಯ ಸೊಟ್ಟ ಬೆರಳು ಇನ್ನೆರಡು ದಿನದಲ್ಲಿ ನೇರವಾಗಬಹುದು. ಅದನ್ನೇ ಮೂರು ವಾರ ಬಿಟ್ಟರೆ ಸೊಟ್ಟಗೇ ಗಟ್ಟಿಯಾಗುತ್ತದೆ. ಆಮೇಲೆ ಏನು ಕಟ್ಟಿದರೂ ಅಷ್ಟೆ.

ನೋಡುವುದು ಹೇಗೆ

ಮೊದಲು ಮುಟ್ಟಬೇಡಿ. ದೂರದಿಂದ ನೋಡಿ. ಒಂದು ಕಾಲೋ ಎರಡೂ ಕಾಲೋ? ಮರಿ ಚುರುಕಾಗಿ ಮೇವಿನ ಕಡೆ ತೆವಳುತ್ತಿದೆಯೋ, ರೆಕ್ಕೆ ಇಳಿಬಿಟ್ಟು ಕಣ್ಣು ಮುಚ್ಚಿ ಕೂತಿದೆಯೋ? ಜೊತೆಯ ಮರಿಗಳೂ ಹಾಗೇ ಮಾಡುತ್ತಿವೆಯೋ? ಒಂದೇ ಮರಿಯ ಒಂದೇ ಕಾಲು ಕೆಟ್ಟಿದ್ದರೆ ಪೆಟ್ಟು ಬಿದ್ದಿರುವ ಸಾಧ್ಯತೆ ಜಾಸ್ತಿ. ಹಲವು ಮರಿಗಳ ಎರಡೂ ಕಾಲು ಕೆಟ್ಟಿದ್ದರೆ ಮೇವು, ನೆಲ ಅಥವಾ ರೋಗದ ಕಡೆ ನೋಡಬೇಕು.

ಆಮೇಲೆ ಕೈಗೆತ್ತಿಕೊಳ್ಳಿ. ಆಗಷ್ಟೇ ಮೊಟ್ಟೆಯೊಡೆದ ನಾಟಿ ಮರಿ ತೂಗುವುದು ಸುಮಾರು 30 ಗ್ರಾಂ. ಕೋಳಿಗೆ ನಮ್ಮ ಹಾಗೆ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯು ಇಲ್ಲ. ಎದೆಮೂಳೆಯನ್ನು ಆಡಿಸಿಯೇ ಅದು ಉಸಿರಾಡುತ್ತದೆ. ಮುಷ್ಟಿಯಲ್ಲಿ ಎದೆಯನ್ನು ಬಿಗಿ ಹಿಡಿದರೆ ಮರಿ ಸದ್ದಿಲ್ಲದೆ ಉಸಿರುಗಟ್ಟುತ್ತದೆ. ಮಕ್ಕಳ ಕೈಯಲ್ಲಿ ಮರಿಗಳು ಸಾಯುವುದು ಎಷ್ಟೋ ಸಲ ಹೀಗೆ. ಅಂಗೈ ಮೇಲೆ ಕೂರಿಸಿಕೊಂಡು, ಬೆರಳುಗಳನ್ನು ಬೇಲಿ ಮಾಡಿ ಹಿಡಿದರೆ ಸಾಕು.

ಕೋಳಿಯ ಕಾಲಿನ ಬಗ್ಗೆ ಒಂದು ವಿಷಯ ಗೊತ್ತಿದ್ದರೆ ಮುಂದಿನದೆಲ್ಲ ಸುಲಭ. ಹಿಂದಕ್ಕೆ ಮಡಚಿದಂತೆ ಕಾಣುವ ಗಂಟು ಅದರ ಮೊಣಕಾಲಲ್ಲ, ಹಿಮ್ಮಡಿ. ನಿಜವಾದ ಮೊಣಕಾಲು ಪುಕ್ಕದೊಳಗೆ ಹೊಟ್ಟೆಗೆ ಅಂಟಿಕೊಂಡಿರುತ್ತದೆ. ಹಿಮ್ಮಡಿಯ ಕೆಳಗಿನ ತೆಳು ಕಡ್ಡಿಕಾಲು ನಮ್ಮ ಪಾದದ ಮೂಳೆಗೆ ಸಮ. ಅಂದರೆ ಕೋಳಿ ಯಾವಾಗಲೂ ತುದಿಗಾಲಲ್ಲೇ ನಡೆಯುತ್ತದೆ. ಹಿಮ್ಮಡಿ ಊರಿ ಕೂತೇ ತೆವಳುವ ಮರಿ ಕಂಡರೆ ಕಾಲಲ್ಲಿ ಏನೋ ಗಂಭೀರ ತೊಂದರೆ ಇದೆ ಅಂತಲೇ ಲೆಕ್ಕ.

ಎರಡೂ ಕಾಲನ್ನು ಜೊತೆಗಿಟ್ಟು ಹೋಲಿಸಿ. ಊತ, ಬಿಸಿ, ಸೊಟ್ಟ, ಗಾಯ ನೋಡಿ. ಪಾದದ ಅಡಿಗೆ ನಿಮ್ಮ ಬೆರಳ ತುದಿ ತಾಗಿಸಿ. ಮರಿ ಬೆರಳು ಮಡಚಿ ಹಿಡಿಯಲು ನೋಡಿದರೆ ನರ ಕೆಲಸ ಮಾಡುತ್ತಿದೆ ಎಂದರ್ಥ. ಬೆರಳು ತಣ್ಣಗಿದ್ದು ಕಪ್ಪಾಗುತ್ತಿದ್ದರೆ ರಕ್ತ ಹರಿಯುತ್ತಿಲ್ಲ. ಪೆಟ್ಟು ಬಿದ್ದ ಜಾಗ ಒಂದೆರಡು ದಿನದ ಮೇಲೆ ಹಸಿರಾಗಿ ಕಂಡರೆ ಗಾಬರಿ ಬೇಡ. ಕೋಳಿಗಳಲ್ಲಿ ರಕ್ತ ಹೆಪ್ಪುಗಟ್ಟಿದ್ದು ಕರಗುವಾಗ ಹಸಿರು ಬಣ್ಣವೇ ಉಳಿಯುತ್ತದೆ. ಅದು ಕೊಳೆತ ಅಂದುಕೊಂಡು ಮರಿಯನ್ನು ಎಸೆದವರಿದ್ದಾರೆ. ಹಸಿರು ಅಂದರೆ ಹಳೆಯ ಪೆಟ್ಟು. ಕಪ್ಪು, ತಣ್ಣಗೆ, ವಾಸನೆ ಇದ್ದರೆ ಮಾತ್ರ ಕೊಳೆತ.

ದಾರ, ಕೂದಲು, ನಾರು

ಕುಂಟುವ ಮರಿಯಲ್ಲಿ ಮೊದಲು ಹುಡುಕಬೇಕಾದ್ದು ಇದನ್ನೇ. ಆದರೆ ಕೊನೆಗೆ ಕಾಣುವುದೂ ಇದೇ. ಮರಿಗಳಿಗೆ ಹಳೆ ಗೋಣಿಚೀಲ ಹಾಸುತ್ತೇವೆ. ಅಂಚಿನ ಎಳೆ ಬಿಚ್ಚಿಕೊಂಡು ಮರಿಯ ಕಾಲಿಗೆ ಸುತ್ತಿಕೊಳ್ಳುತ್ತದೆ. ಮನೆಯೊಳಗೆ ಸಾಕಿದರೆ ತಲೆಗೂದಲು, ಹೊರಗೆ ಬಿಟ್ಟರೆ ತೆಂಗಿನ ನಾರು, ಪ್ಲಾಸ್ಟಿಕ್ ಚೀಲದ ಎಳೆ. ಮರಿ ಎಳೆದಷ್ಟೂ ಅದು ಬಿಗಿಯುತ್ತದೆ. ಒಂದೆರಡು ದಿನದಲ್ಲಿ ಊದಿದ ಚರ್ಮದೊಳಗೆ ಎಳೆ ಮುಚ್ಚಿಹೋಗಿ, ಮೇಲಿಂದ ಬರೀ ಒಂದು ಗೆರೆ ಕಾಣುತ್ತದೆ. ಅದರ ಕೆಳಗಿನ ಬೆರಳು ಮಾತ್ರ ದಪ್ಪಗೆ, ಕೆಂಪಗೆ ಆಗಿದ್ದರೆ ಅಲ್ಲಿ ಎಳೆ ಇದ್ದೇ ಇದೆ ಅಂದುಕೊಳ್ಳಿ.

ಉಗುರುಬೆಚ್ಚಗಿನ ನೀರಲ್ಲಿ ಕಾಲನ್ನು ಐದು ನಿಮಿಷ ನೆನೆಸಿ, ಒರೆಸಿ, ಒಳ್ಳೆಯ ಬೆಳಕಿಗೆ ಬನ್ನಿ. ಒಬ್ಬರು ಮರಿ ಹಿಡಿಯಲಿ, ಇನ್ನೊಬ್ಬರು ಕೆಲಸ ಮಾಡಲಿ. ಸೂಜಿಯ ಮೊಂಡು ತುದಿಯಿಂದ ಎಳೆಯನ್ನು ಮೇಲೆತ್ತಿ, ಉಗುರು ಕತ್ತರಿಸುವ ಸಣ್ಣ ಕತ್ತರಿಯಿಂದ ತುಂಡು ಮಾಡಿ. ಎಳೆದು ತೆಗೆಯಬೇಡಿ, ಚರ್ಮ ಸೀಳುತ್ತದೆ. ಎಳೆ ಹೋಯಿತು ಅನಿಸಿದ ಮೇಲೂ ಇನ್ನೊಮ್ಮೆ ನೋಡಿ. ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಸುತ್ತು ಇರುತ್ತದೆ. ಇಷ್ಟಕ್ಕೇ ಸರಿಹೋಗುವ ಮರಿಗಳು ಬಹಳ.

ಕಾಲು ಅಗಲಿಸಿ ಬೀಳುವ ಮರಿ

ಎರಡು ಕಾಲೂ ಎರಡು ಪಕ್ಕಕ್ಕೆ ಜಾರಿ, ಮರಿ ಹೊಟ್ಟೆಯ ಮೇಲೆ ಬಿದ್ದಿರುತ್ತದೆ. ಎದ್ದು ನಿಲ್ಲಲು ಒದ್ದಾಡಿದಷ್ಟೂ ಕಾಲು ಇನ್ನಷ್ಟು ಅಗಲವಾಗುತ್ತದೆ. ನೋಡಿದವರಿಗೆ ಸೊಂಟ ಮುರಿದಂತೆ ಕಾಣುತ್ತದೆ. ಮುರಿದಿರುವುದಿಲ್ಲ. ಹುಟ್ಟಿದ ಮೊದಲ ದಿನಗಳಲ್ಲಿ ತೊಡೆಯ ಸ್ನಾಯು ಇನ್ನೂ ಬಲವಾಗಿರುವುದಿಲ್ಲ. ಕಾಲೂರುವ ನೆಲ ಜಾರಿದರೆ ಕಾಲು ಒಳಗೆ ಎಳೆದುಕೊಳ್ಳಲು ಆಗುವುದಿಲ್ಲ. ಹೇಂಟೆಯ ಕಾವಿನಲ್ಲಿ, ಹುಲ್ಲು ಹಾಸಿದ ಬುಟ್ಟಿಯಲ್ಲಿ ಮೊಟ್ಟೆಯೊಡೆದ ಮರಿಗಳಲ್ಲಿ ಇದು ಕಡಿಮೆ. ಸುದ್ದಿಪತ್ರಿಕೆ ಹಾಸಿದ ರಟ್ಟಿನ ಡಬ್ಬ, ಟೈಲ್ಸ್ ನೆಲ, ನುಣುಪಾದ ಪ್ಲಾಸ್ಟಿಕ್ ಟಬ್ಬಿನಲ್ಲಿ ಜಾಸ್ತಿ. ಇನ್‌ಕ್ಯುಬೇಟರಿನಲ್ಲಿ ಬಿಸಿ ಹೆಚ್ಚುಕಡಿಮೆಯಾದರೂ ಇಂಥ ಮರಿಗಳು ಬರುತ್ತವೆ.

ಇದಕ್ಕೆ ಬೇಕಾದ್ದು ಒಂದು ಬ್ಯಾಂಡೇಡ್. ಉದ್ದಕ್ಕೆ ಸೀಳಿ ತೆಳುವಾದ ಪಟ್ಟಿ ಮಾಡಿಕೊಳ್ಳಿ. ನಡುವಿನ ಹತ್ತಿಯ ಭಾಗ ಎರಡು ಕಾಲುಗಳ ಮಧ್ಯೆ ಬರಲಿ, ಅಂಟಿನ ತುದಿಗಳು ಒಂದೊಂದು ಕಾಲನ್ನು ಸುತ್ತಿ ವಾಪಸ್ ಬಂದು ತಮಗೆ ತಾವೇ ಅಂಟಿಕೊಳ್ಳಲಿ. ಸುತ್ತುವುದು ಹಿಮ್ಮಡಿಗೂ ಪಾದಕ್ಕೂ ನಡುವಿನ ಕಡ್ಡಿಕಾಲಿನ ಮೇಲೆ, ಬಿಗಿಯಾಗದಂತೆ. ಎರಡು ಕಾಲುಗಳ ನಡುವೆ ಎರಡೂವರೆ ಸೆಂಟಿಮೀಟರ್, ಚಿಕ್ಕ ನಾಟಿ ಮರಿಗೆ ಇನ್ನೂ ಸ್ವಲ್ಪ ಕಡಿಮೆ ಅಂತರ ಇರಲಿ. ಕಾಲು ನೇರವಾಗಿ ಮೈಯ ಕೆಳಗೆ ಬರಬೇಕು, ಆದರೆ ಒಂದಕ್ಕೊಂದು ಅಂಟಬಾರದು. ಕಾಲು ತುಂಬ ಅಗಲವಾಗಿದ್ದರೆ ಒಂದೇ ಸಲ ಒಳಕ್ಕೆ ಎಳೆಯಬೇಡಿ. ಮೊದಲ ದಿನ ಸ್ವಲ್ಪ ಅಗಲ ಬಿಟ್ಟು, ಮರುದಿನ ಹತ್ತಿರ ತನ್ನಿ.

ಕಟ್ಟಿದ ಕೂಡಲೇ ಮರಿ ಮುಗ್ಗರಿಸುತ್ತದೆ, ಹಿಂದಕ್ಕೆ ಉರುಳುತ್ತದೆ. ಅಂಗಾತ ಬಿದ್ದರೆ ತಾನೇ ಏಳಲಾರದು. ಮೊದಲ ಅರ್ಧ ಗಂಟೆ ಪಕ್ಕದಲ್ಲೇ ಇರಿ. ನೀರಿನ ತಟ್ಟೆ ಆಳವಿಲ್ಲದ್ದಿರಲಿ, ಅದರಲ್ಲಿ ಬೆಣಚುಕಲ್ಲು ತುಂಬಿಡಿ. ಕಾಲು ಕಟ್ಟಿದ ಮರಿ ಒಂದು ಬೆರಳು ಆಳದ ನೀರಲ್ಲೂ ಮುಳುಗಿ ಸಾಯಬಹುದು. ತೀರಾ ನಿಲ್ಲಲಾಗದ ಮರಿಯನ್ನು ಆಗಾಗ ಹತ್ತಿ ಬಟ್ಟೆ ಹಾಕಿದ ಪೇಪರ್ ಕಪ್ಪಿನಲ್ಲಿ ಕೂರಿಸಿ. ಕಾಲು ಮೈಯ ಕೆಳಗೇ ಇರುತ್ತದೆ, ಒದ್ದಾಟ ನಿಲ್ಲುತ್ತದೆ. ಬೇಲಿಯ ಬಳಿ ಬಿಡದೆ ಕಣ್ಣೆದುರೇ ಇಟ್ಟುಕೊಳ್ಳಿ.

ದಿನಕ್ಕೊಮ್ಮೆ ಪಟ್ಟಿ ಬಿಚ್ಚಿ ನೋಡಬೇಕು. ಮರಿ ಬೆಳೆಯುವ ವೇಗಕ್ಕೆ ನಿನ್ನೆ ಸಡಿಲವಿದ್ದದ್ದು ಇಂದು ಕೊಯ್ಯುತ್ತದೆ. ಅಂಟು ಬಿಡದಿದ್ದರೆ ಒಂದು ಹನಿ ಕೊಬ್ಬರಿ ಎಣ್ಣೆಯನ್ನು ಅಂಟಿಗೆ ಮಾತ್ರ ಹಚ್ಚಿ. ಮೈಯ ತುಪ್ಪಳಕ್ಕೆ ಎಣ್ಣೆ ತಾಗಿದರೆ ಅದು ಅಂಟಿಕೊಂಡು ಮರಿಗೆ ಚಳಿಯಾಗುತ್ತದೆ. ಮೂರು ದಿನದೊಳಗೆ ಶುರುಮಾಡಿದರೆ ಬಹಳಷ್ಟು ಮರಿಗಳು ಒಂದು ವಾರದೊಳಗೆ ಎದ್ದು ಓಡಾಡುತ್ತವೆ. ಎರಡು ವಾರದ ನಂತರ ಕಟ್ಟಿದರೆ ಪ್ರಯೋಜನ ಕಡಿಮೆ.

ಕಟ್ಟು ಎಷ್ಟೇ ಚೆನ್ನಾಗಿದ್ದರೂ ನೆಲ ಬದಲಾಗದಿದ್ದರೆ ವ್ಯರ್ಥ. ಭತ್ತದ ಹೊಟ್ಟನ್ನು ಎರಡು ಇಂಚು ಹಾಕಿ. ಮೊದಲ ಎರಡು ಮೂರು ದಿನ ಮರಿಗಳು ಹೊಟ್ಟನ್ನೇ ತಿನ್ನಲು ನೋಡುತ್ತವೆ. ಅದಕ್ಕೆ ಮೇಲೊಂದು ಎಳೆ ಬಿಡದ ದಪ್ಪ ಹತ್ತಿ ಬಟ್ಟೆ ಹಾಸಿ. ಟರ್ಕಿ ಟವೆಲ್ ಬೇಡ, ಅದರ ಕುಣಿಕೆಗಳಿಗೆ ಉಗುರು ಸಿಕ್ಕಿಕೊಳ್ಳುತ್ತದೆ.

ಸುರುಟಿದ ಬೆರಳು, ಜಾರಿದ ಹುರಿ

ಬೆರಳು ಸುರುಟುವುದು ಎರಡು ಬಗೆ, ಎರಡೂ ಬೇರೆ ಬೇರೆ. ಮೊಟ್ಟೆಯಿಂದ ಬರುವಾಗಲೇ ಒಂದೆರಡು ಬೆರಳು ಸೊಟ್ಟಗಿದ್ದರೆ ಅದು ಕಾವಿನ ಹೆಚ್ಚುಕಡಿಮೆ. ತೆಳು ರಟ್ಟಿನಲ್ಲಿ ಪಾದದ ಅಳತೆಗೆ ಒಂದು ಅಟ್ಟೆ ಕತ್ತರಿಸಿ, ಬೆರಳುಗಳನ್ನು ಬಿಡಿಸಿ ಅದರ ಮೇಲಿಟ್ಟು, ಮೈಕ್ರೋಪೋರ್ ಟೇಪ್ (ಗಾಯದ ಪಟ್ಟಿಗೆ ಬಳಸುವ ಕಾಗದದಂಥ ಟೇಪ್) ಹಚ್ಚಿ. ಎರಡು ಮೂರು ದಿನ ಸಾಕು. ಟೇಪ್ ಒದ್ದೆಯಾದರೆ ಬದಲಿಸಿ.

ಇನ್ನೊಂದು, ಒಂದೆರಡು ವಾರದ ಮರಿಗಳಲ್ಲಿ ಕಾಣುವುದು. ಚೆನ್ನಾಗಿದ್ದ ಮರಿ ಇದ್ದಕ್ಕಿದ್ದಂತೆ ಹಿಮ್ಮಡಿ ಮೇಲೆ ಕೂತು, ರೆಕ್ಕೆ ಊರಿಕೊಂಡು ತೆವಳುತ್ತದೆ. ಬೆರಳುಗಳು ಒಳಕ್ಕೆ ಮುಷ್ಟಿ ಕಟ್ಟಿದ ಹಾಗಿರುತ್ತವೆ. ಹಸಿವು ಮಾತ್ರ ಚೆನ್ನಾಗಿರುತ್ತದೆ. ಇದು ಬಿ2 ಜೀವಸತ್ವ, ಅಂದರೆ ರೈಬೋಫ್ಲೇವಿನ್ ಕೊರತೆ. ಕಾಲಿನ ನರವೇ ಊದಿಕೊಂಡಿರುತ್ತದೆ. ಇಲ್ಲಿ ರಟ್ಟು ಕಟ್ಟಿ ಫಲವಿಲ್ಲ, ಬಿ2 ಬೇಕು. ಮರಿಗಳಿಗೆ ಒಂದು ಕಿಲೋ ಮೇವಿನಲ್ಲಿ ಸುಮಾರು 3.6 ಮಿಲಿಗ್ರಾಂ ಬಿ2 ಇರಬೇಕು. ಬರೀ ನುಚ್ಚಕ್ಕಿಯಲ್ಲಿ ಅದರ ಹತ್ತಿರಕ್ಕೂ ಬರುವುದಿಲ್ಲ. ಕೋಳಿ ಮೇವಿನ ಅಂಗಡಿಯಲ್ಲಿ ಕೊಡುವ ಹನಿ ಔಷಧಿಗಳಲ್ಲಿ ಕೆಲವದರಲ್ಲಿ ಎ, ಡಿ3, ಇ, ಬಿ12 ಮಾತ್ರ ಇರುತ್ತದೆ. ಬಿ2 ಇರುವುದಿಲ್ಲ. ಬಾಟಲಿಯ ಹಿಂದಿನ ಪಟ್ಟಿ ಓದಿ, ಬಿ ಕಾಂಪ್ಲೆಕ್ಸ್ ಅಂತ ಕೇಳಿ ತನ್ನಿ. ಎಷ್ಟು ಹಾಕಬೇಕೆಂದು ಬಾಟಲಿಯಲ್ಲಿ ಬರೆದಷ್ಟೇ ನೀರಿಗೆ ಬೆರೆಸಿ. ಜೊತೆಗೆ ಬೇಯಿಸಿದ ಮೊಟ್ಟೆ ಪುಡಿ ಮಾಡಿ ಕೊಡಿ. ಬೇಗ ಶುರುಮಾಡಿದರೆ ಕೆಲವು ದಿನಗಳಲ್ಲೇ ಬೆರಳು ಬಿಚ್ಚಿಕೊಳ್ಳುತ್ತದೆ. ತಡವಾದರೆ ನರ ಕೆಟ್ಟೇ ಹೋಗುತ್ತದೆ.

ಇನ್ನು ಹಿಮ್ಮಡಿಯ ಹುರಿ ಜಾರುವುದು. ಮೀನಖಂಡದ ಸ್ನಾಯುವಿನಿಂದ ಬರುವ ಗಟ್ಟಿ ಹುರಿ ಹಿಮ್ಮಡಿ ಗಂಟಿನ ಹಿಂದೆ ಒಂದು ತೋಡಿನಲ್ಲಿ ಕೂತಿರುತ್ತದೆ. ಮೇವಿನಲ್ಲಿ ಮ್ಯಾಂಗನೀಸ್, ಕೋಲಿನ್ ಕಡಿಮೆಯಾದರೆ ಗಂಟು ಸರಿಯಾಗಿ ಬೆಳೆಯದೆ ಹುರಿ ಪಕ್ಕಕ್ಕೆ ಜಾರುತ್ತದೆ. ಮರಿ ಆ ಕಾಲನ್ನು ನೇರ ಮಾಡಲಾರದು, ಕಾಲು ಪಕ್ಕಕ್ಕೆ ತಿರುಗಿ ನಿಲ್ಲುತ್ತದೆ. ಗಂಟು ಊದಿ ಹಿಂಭಾಗ ಚಪ್ಪಟೆಯಾಗಿರುತ್ತದೆ. ಅದೇ ದಿನ ಗೊತ್ತಾದರೆ ಕಾಲನ್ನು ಮೆಲ್ಲಗೆ ನೇರ ಮಾಡಿ, ಹುರಿಯನ್ನು ಹೆಬ್ಬೆರಳಿಂದ ನಡುವಿಗೆ ಜಾರಿಸಬಹುದು. ಆದರೆ ಅದು ಅಲ್ಲೇ ನಿಲ್ಲುವುದು ಕಷ್ಟ. ಇದನ್ನು ಪಶುವೈದ್ಯರೇ ಒಮ್ಮೆ ಮಾಡಿ ತೋರಿಸಿದರೆ ಒಳ್ಳೆಯದು. ಮೆಕ್ಕೆಜೋಳದಲ್ಲಿ ಮ್ಯಾಂಗನೀಸ್ ಬಹಳ ಕಡಿಮೆ, ಅಕ್ಕಿ ತೌಡಿನಲ್ಲಿ ಚೆನ್ನಾಗಿದೆ. ಉಳಿದ ಮರಿಗಳಿಗಾದರೂ ಇದನ್ನು ನೆನಪಿಡಿ.

ಮುರಿದ ಕಾಲು

ದನ ತುಳಿದಿದ್ದು, ಬಾಗಿಲ ಸಂದಿಗೆ ಸಿಕ್ಕಿದ್ದು, ಮಂಕರಿ ಕವುಚುವಾಗ ಅಂಚಿನಡಿ ಬಂದಿದ್ದು – ಇಂಥ ಕಡೆ ಮೂಳೆ ಮುರಿಯುತ್ತದೆ. ಕಾಲು ಜೋತುಬೀಳುತ್ತದೆ, ಬಾಗಬಾರದ ಕಡೆ ಬಾಗುತ್ತದೆ.

ಎಲ್ಲಿ ಮುರಿದಿದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಕಡ್ಡಿಕಾಲು ಮುರಿದು, ಚರ್ಮ ಹರಿಯದಿದ್ದರೆ ಮನೆಯಲ್ಲೇ ದಬ್ಬೆ ಕಟ್ಟಬಹುದು. ಜ್ಯೂಸ್ ಕುಡಿಯುವ ಸ್ಟ್ರಾವನ್ನು ಕಾಲಿನ ಅಳತೆಗೆ ಕತ್ತರಿಸಿ, ಉದ್ದಕ್ಕೆ ಸೀಳಿ. ಅಂಚು ಚುಚ್ಚದಂತೆ ಕತ್ತರಿಯಿಂದ ದುಂಡಗೆ ಮಾಡಿ. ಕಾಲಿಗೆ ಮೊದಲು ತೆಳುವಾಗಿ ಹತ್ತಿ ಸುತ್ತಿ. ಪಾದ ಹಿಡಿದು ಬಹಳ ಮೆಲ್ಲಗೆ ನೇರಕ್ಕೆ ತಂದು, ಸೀಳಿದ ಸ್ಟ್ರಾ ಒಳಗೆ ಕಾಲನ್ನು ಕೂರಿಸಿ, ಮೇಲೊಂದು ಸುತ್ತು ಮೈಕ್ರೋಪೋರ್ ಟೇಪ್. ಬೆರಳುಗಳು ಹೊರಗೇ ಇರಬೇಕು, ಅವೇ ನಿಮಗೆ ಸುದ್ದಿ ಕೊಡುವುದು. ಒಂದು ಗಂಟೆ ಬಿಟ್ಟು ನೋಡಿ. ಬೆರಳು ಊದಿದ್ದರೆ, ತಣ್ಣಗಿದ್ದರೆ, ಬಣ್ಣ ಗಾಢವಾಗಿದ್ದರೆ ಕೂಡಲೇ ಬಿಚ್ಚಿ ಸಡಿಲವಾಗಿ ಕಟ್ಟಿ. ಮರಿಗಳ ಮೂಳೆ ಬೇಗ ಕೂಡುತ್ತದೆ, ಸಾಮಾನ್ಯವಾಗಿ ಎರಡು ವಾರದ ಹೊತ್ತಿಗೆ. ಅಷ್ಟರಲ್ಲಿ ಮರಿ ಬೆಳೆದಿರುತ್ತದೆ, ಹಾಗಾಗಿ ಎರಡು ಮೂರು ದಿನಕ್ಕೊಮ್ಮೆ ಟೇಪ್ ಬದಲಿಸಲೇಬೇಕು.

ಹಿಮ್ಮಡಿಯಿಂದ ಮೇಲೆ, ತೊಡೆಯಲ್ಲಿ ಮುರಿದಿದ್ದರೆ ನೀವು ಕಟ್ಟಲು ಹೋಗಬೇಡಿ. ಅಲ್ಲಿ ಕಟ್ಟು ನಿಲ್ಲುವುದಿಲ್ಲ, ಜಾರಿ ಬಂದು ಮುರಿದ ಜಾಗವನ್ನೇ ಎಳೆಯುತ್ತದೆ. ಸಣ್ಣ ಡಬ್ಬದಲ್ಲಿ ಅಲುಗಾಡದಂತೆ ಇಟ್ಟು ವೈದ್ಯರ ಬಳಿ ಒಯ್ಯಿರಿ. ಮೂಳೆ ಚರ್ಮ ಸೀಳಿ ಹೊರಬಂದಿದ್ದರೂ ಹಾಗೇ.

ಗಾಯ ಮಾತ್ರ ಇದ್ದರೆ, ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಸಣ್ಣ ಚಮಚ ಉಪ್ಪು ಮಟ್ಟಸವಾಗಿ ಹಾಕಿ ತೊಳೆಯಿರಿ. ಪೊವಿಡೋನ್ ಅಯೋಡಿನ್ ಇದ್ದರೆ ನೀರು ಬೆರೆಸಿ ತಿಳಿ ಮಾಡಿ ಒರೆಸಿ. ಅರಿಶಿನ ಒಂದು ಚಿಟಿಕೆ ತೊಂದರೆಯಿಲ್ಲ. ದಪ್ಪಗೆ ಮೆತ್ತಿದರೆ ಒಳಗೇನಾಗುತ್ತಿದೆ ಅನ್ನುವುದೇ ಕಾಣುವುದಿಲ್ಲ. ಸೀಮೆಎಣ್ಣೆ, ಫಿನಾಯಿಲ್ ಖಂಡಿತ ಬೇಡ. ಮನುಷ್ಯರ ನೋವಿನ ಮಾತ್ರೆಯನ್ನು ಚೂರು ಮಾಡಿ ಕೊಡುವುದಂತೂ ಬೇಡವೇ ಬೇಡ. ಡೈಕ್ಲೊಫೆನಾಕ್ ಎಂಬ ನೋವಿನ ಔಷಧಿ ಕೊಟ್ಟಿದ್ದ ದನಗಳ ಹೆಣ ತಿಂದು ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. ಜಾನುವಾರುಗಳಿಗೆ ಆ ಔಷಧಿಯನ್ನು ದೇಶದಲ್ಲಿ 2006ರಲ್ಲಿ ನಿಷೇಧಿಸಿದ್ದು ಅದಕ್ಕೇ. ಕೋಳಿಯ ಮೂತ್ರಪಿಂಡಕ್ಕೂ ಅದು ವಿಷವೇ. 30 ಗ್ರಾಂ ಮರಿಗೆ ಅಳತೆ ಮಾಡಿ ಕೊಡುವುದು ಮನೆಯಲ್ಲಿ ಆಗುವ ಮಾತಲ್ಲ.

ಇರಲು ಜಾಗ, ತಿನ್ನಲು ಮೇವು

ಪೆಟ್ಟಾದ ಮರಿಯನ್ನು ಬೇರೆ ಇಡಿ. ರಕ್ತದ ಕೆಂಪು ಕಂಡರೆ ಉಳಿದ ಮರಿಗಳು ಕುಕ್ಕುತ್ತವೆ. ಬಣ್ಣದ ಪಟ್ಟಿ ಕಂಡರೂ ಅಷ್ಟೇ. ಆದರೆ ತೀರಾ ಒಂಟಿ ಮಾಡಿದರೆ ಮರಿ ಕೂಗಿ ಕೂಗಿ ಸುಸ್ತಾಗುತ್ತದೆ, ಮೇವು ಬಿಡುತ್ತದೆ. ಉಳಿದವುಗಳ ದನಿ ಕೇಳುವಷ್ಟು ಹತ್ತಿರ ಇಡಿ, ಇಲ್ಲವೇ ಸಾಧು ಸ್ವಭಾವದ ಒಂದು ಮರಿಯನ್ನು ಜೊತೆಗೆ ಬಿಡಿ. ಮೊದಲ ವಾರ ಸುಮಾರು 35 ಡಿಗ್ರಿ ಬಿಸಿ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿ ಕಡಿಮೆ ಮಾಡುತ್ತಾ ಬನ್ನಿ. ಬಲ್ಬನ್ನು ಡಬ್ಬದ ಒಂದು ಮೂಲೆಗೆ ಮಾತ್ರ ಹಾಕಿ. ಕುಂಟು ಮರಿ ಸೆಖೆಯಾದರೆ ಓಡಿಹೋಗಲಾರದು, ಸ್ವಲ್ಪ ತೆವಳಿದರೆ ತಂಪು ಸಿಗುವಂತಿರಬೇಕು.

ನೀರು ಕುಡಿಸುವಾಗ ಬಾಯಿಗೆ ಸುರಿಯಬೇಡಿ. ನಾಲಗೆಯ ಬುಡದಲ್ಲೇ ಶ್ವಾಸನಾಳದ ಬಾಯಿ ಇದೆ. ಕೊಕ್ಕಿನ ಪಕ್ಕಕ್ಕೆ ಒಂದು ಹನಿ ತಾಗಿಸಿ, ಮರಿಯೇ ಚಪ್ಪರಿಸಿಕೊಳ್ಳಲಿ.

ಮರಿಗಳ ಸ್ಟಾರ್ಟರ್ ಮೇವು ದುಬಾರಿ ಅನಿಸಿದರೂ ಮೊದಲ ಕೆಲವು ವಾರ ಅದೇ ಒಳ್ಳೆಯದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಅದರ ಜೊತೆಗೆ ರಾಗಿ, ತೌಡು, ನುಗ್ಗೆ ಸೊಪ್ಪು, ಗೆದ್ದಲು ಎಲ್ಲ ಇರಲಿ. ಕಾಲು ಗಟ್ಟಿಯಾಗಲಿ ಅಂತ ಮೊಟ್ಟೆ ಕೋಳಿಗಳ ಮೇವು ಮಾತ್ರ ಹಾಕಬೇಡಿ. ಅದರಲ್ಲಿ ಸುಣ್ಣದ ಅಂಶ ಶೇ. 3.5ರಿಂದ 4ರಷ್ಟಿರುತ್ತದೆ. ಮರಿಗೆ ಬೇಕಾದ್ದು ಶೇ. 1ರ ಆಸುಪಾಸು. ಹೆಚ್ಚಾದ ಸುಣ್ಣ ಮೂತ್ರಪಿಂಡಕ್ಕೆ ಪೆಟ್ಟು. ಕತ್ತಲ ಕೋಣೆಯಲ್ಲೇ ಬೆಳೆದ ಮರಿಯ ಕೊಕ್ಕು ಬೆರಳಿಗೆ ಬಾಗುವಷ್ಟು ಮೆತ್ತಗಿದ್ದರೆ ಅದು ಮೂಳೆ ಮೆತ್ತಗಾಗುವ ರಿಕೆಟ್ಸ್, ಡಿ3 ಬೇಕು. ದಿನಕ್ಕೆ ಸ್ವಲ್ಪ ಹೊತ್ತು ಬೆಳಗಿನ ಬಿಸಿಲಿಗೆ ಬಿಡಿ. ಗಾಜಿನ ಕಿಟಕಿಯಿಂದ ಬರುವ ಬಿಸಿಲಿಂದ ಡಿ ಜೀವಸತ್ವ ಹುಟ್ಟುವುದಿಲ್ಲ.

ಕಾಲಿನದಲ್ಲದ ರೋಗ

ಕುಂಟುವುದರ ಜೊತೆ ಕತ್ತು ತಿರುಚುವುದು, ಬಾಯಿ ತೆರೆದು ಉಸಿರೆಳೆಯುವುದು, ಹಸಿರು ಭೇದಿ ಇದ್ದರೆ ಕೊಕ್ಕರೆ ರೋಗದ (ರಾಣಿಖೇತ್ ಎಂಬ ವೈರಸ್ ರೋಗ) ಅನುಮಾನ ಪಡಬೇಕು. ಒಂದು ಕಾಲು ಮುಂದಕ್ಕೆ, ಒಂದು ಹಿಂದಕ್ಕೆ ಚಾಚಿ ಬೀಳುವುದು ಮ್ಯಾರೆಕ್ಸ್ ಎಂಬ ವೈರಸ್ ರೋಗದ ಗುರುತು. ಅದು ಬರುವುದು ಸ್ವಲ್ಪ ಬೆಳೆದ ಮರಿಗಳಿಗೆ. ಇದಕ್ಕೆ ಲಸಿಕೆಯನ್ನು ಮೊದಲ ದಿನವೇ ಹ್ಯಾಚರಿಯಲ್ಲಿ ಹಾಕಿರಬೇಕು. ಎರಡು ಮೂರು ವಾರದೊಳಗಿನ ಮರಿಗಳ ತಲೆ ನಡುಗುತ್ತಿದ್ದರೆ ಅದೂ ಮೆದುಳಿನ ವೈರಸ್ ಇರಬಹುದು. ಇಂಥ ಮರಿಯ ಕಾಲಿಗೆ ಏನನ್ನೂ ಕಟ್ಟಬೇಡಿ. ಕೂಡಲೇ ಬೇರೆ ಮಾಡಿ, ಕೈ ಸೋಪಿನಿಂದ ತೊಳೆದು, ಆಮೇಲೆ ಉಳಿದ ಮರಿಗಳನ್ನು ಮುಟ್ಟಿ.

ಒಂದೇ ಮರಿಗಾಗಿ ಪಶು ಆಸ್ಪತ್ರೆಗೆ ಹೋಗಲು ಸಂಕೋಚಪಡುವವರು ಬಹಳ. ಸಂಕೋಚ ಬೇಡ. 1962ಕ್ಕೆ ಕರೆ ಮಾಡಿದರೆ ಪಶುಪಾಲನಾ ಇಲಾಖೆಯ ಸಹಾಯವಾಣಿ ಸಿಗುತ್ತದೆ. ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ, ಗದಗದ ಹತ್ತಿರ ಇರುವವರಿಗೆ ಪಶುವೈದ್ಯಕೀಯ ಕಾಲೇಜುಗಳೂ ಇವೆ. ಮೂರು ದಿನ ಮನೆಯಲ್ಲಿ ನೋಡಿಕೊಂಡರೂ ಮರಿ ಮೇವು ಮುಟ್ಟದಿದ್ದರೆ, ಬೆರಳು ಕಪ್ಪಾದರೆ, ನೋವಿಗೆ ನರಳುತ್ತಿದ್ದರೆ ಅಲ್ಲಿಗೆ ಒಯ್ಯಿರಿ. ಕೆಲವು ಸಲ ಉಳಿಸಲಾಗದು ಅಂತಲೂ ವೈದ್ಯರು ಹೇಳುತ್ತಾರೆ. ಆಗ ನೋವಿಲ್ಲದೆ ಮುಗಿಸುವ ದಾರಿಯನ್ನೂ ಅವರೇ ಹೇಳಬೇಕು. ಹೋಗುವಾಗ ಮರಿಯ ವಯಸ್ಸು, ಕೊಟ್ಟ ಮೇವು, ಹಾಸಿದ್ದು ಏನು, ಯಾವ ಲಸಿಕೆ ಹಾಕಿಸಿದ್ದೀರಿ ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಮರಿ ನಡೆಯುವ ರೀತಿಯನ್ನು ಫೋನಿನಲ್ಲಿ ಒಂದು ವೀಡಿಯೊ ಮಾಡಿಕೊಳ್ಳಿ. ಆಸ್ಪತ್ರೆಯ ಮೇಜಿನ ಮೇಲೆ ಹೆದರಿದ ಮರಿ ಕದಲದೆ ಕೂತುಬಿಡುತ್ತದೆ, ಕುಂಟುವುದು ಡಾಕ್ಟರಿಗೆ ಕಾಣುವುದೇ ಇಲ್ಲ.